ಮೊದಲು ದಿನದ ಲೆಕ್ಕ, ಆಮೇಲೆ ಸೂಜಿ-ಗುಳಿಗೆ

ಮಾನ್ಯ ಸಂಪಾದಕರೇ,

ಮುಂಬಯಿಯ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಚೆಗೆ ಚೀನೀ ವೈದ್ಯದ ಹೆಸರಿನಲ್ಲಿ 'ಮೂರು ತಿಂಗಳಲ್ಲಿ ಸಂತಾನ' ಎಂಬ ಪ್ಯಾಕೇಜುಗಳು ಹರಿದಾಡುತ್ತಿವೆ. ಸೂಜಿ (ಅಕ್ಯುಪಂಕ್ಚರ್), ಕಪ್ಪು ಗುಳಿಗೆ, ಹೊಟ್ಟೆಗೆ ಶಾಖ, ಎಲ್ಲ ಸೇರಿ ಇಷ್ಟು ಸಾವಿರ. ಆ ಪದ್ಧತಿ ಪೂರ್ತಿ ಬೋಗಸ್ ಎನ್ನುವುದು ನಮ್ಮ ಮಾತಲ್ಲ. ಆದರೆ ಅಲ್ಲಿ ದುಡ್ಡು ಕಟ್ಟುವ ಎಷ್ಟೋ ದಂಪತಿಗಳು ತಿಂಗಳಿನ ಯಾವ ದಿನಗಳಲ್ಲಿ ಗರ್ಭ ನಿಲ್ಲುತ್ತದೆಂದು ಲೆಕ್ಕ ಹಾಕಿರುವುದಿಲ್ಲ, ಗಂಡನ ವೀರ್ಯ ಪರೀಕ್ಷೆ ಆಗಿರುವುದಿಲ್ಲ. ಮೊದಲನೆಯದಕ್ಕೆ ಖರ್ಚೇ ಇಲ್ಲ, ಎರಡನೆಯದು ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ.

ಲೆಕ್ಕದ ವಿಷಯವನ್ನೇ ಮೊದಲು ಹೇಳುತ್ತೇವೆ. ಮುಂಬಯಿ ಕನ್ನಡಿಗರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಎಷ್ಟೋ ಗಂಡಸರ ಹೆಂಡತಿ ಊರಿನಲ್ಲಿರುತ್ತಾರೆ. ಚೌತಿಗೆ ಹತ್ತು ದಿನ, ಮೇ ತಿಂಗಳಲ್ಲಿ ಹದಿನೈದು ದಿನ. ಮದುವೆಯಾಗಿ ಮೂರು ವರ್ಷವಾಯಿತು, ಮಕ್ಕಳಿಲ್ಲ ಎಂದು ಅತ್ತೆ ಮನೆಯವರು ಸೊಸೆಯ ಮುಖ ನೋಡುತ್ತಾರೆ. ಕೂಡಿಸಿ ನೋಡಿದರೆ ಇಬ್ಬರೂ ಜೊತೆಗಿದ್ದದ್ದು ಎರಡೂವರೆ ತಿಂಗಳು. ಅದರಲ್ಲೂ ಸರಿಯಾದ ದಿನಗಳು ಸಿಕ್ಕಿದ್ದು ಎಷ್ಟು ಸಲವೋ! ಇದಕ್ಕೆ ಬಂಜೆತನ ಎಂದು ಹೆಸರಿಡುವುದು ಅನ್ಯಾಯ. ಬಂಜೆತನ ಎನ್ನುವ ಮೊದಲು ವೈದ್ಯರು ಹೇಳುವ 'ಒಂದು ವರ್ಷ ಪ್ರಯತ್ನ' ಎಂದರೆ ಜೊತೆಗಿದ್ದು ನಡೆಸಿದ ಒಂದು ವರ್ಷ.

ಅಂಡಾಣು ಹೊರಬಂದ ಮೇಲೆ ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ ಅಂಡಾಣು ಬರುವ ದಿನ ಮತ್ತು ಅದರ ಹಿಂದಿನ ಐದು ದಿನ, ಒಟ್ಟು ಆರೇ ದಿನ ಫಲ ಕೊಡುವಂಥವು. ಎಲ್ಲರೂ ತಪ್ಪುವುದು ಇಲ್ಲಿ: ಮುಟ್ಟಾದ ಹದಿನಾಲ್ಕನೇ ದಿನ ಅಂಡಾಣು ಬರುತ್ತದೆಂದು ಕಣ್ಣುಮುಚ್ಚಿ ನಂಬುತ್ತಾರೆ. ನಿಜವಾಗಿ ಅದು ಬರುವುದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು. ಮೂವತ್ನಾಲ್ಕು ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು ಇಪ್ಪತ್ತನೇ ದಿನದ ಆಸುಪಾಸು.

ಆರು ತಿಂಗಳು ಮುಟ್ಟು ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನವರೆಗಿನ ದಿನಗಳೇ ಒಂದು ಚಕ್ರ. ಅತಿ ಚಿಕ್ಕ ಚಕ್ರದಿಂದ 18 ಕಳೆಯಿರಿ, ಅತಿ ದೊಡ್ಡದರಿಂದ 11 ಕಳೆಯಿರಿ. ಚಿಕ್ಕದು 27 ದಿನ, ದೊಡ್ಡದು 32 ದಿನ ಇದ್ದರೆ ಆ ಆರು ದಿನಗಳು 9ರಿಂದ 21ನೇ ದಿನದೊಳಗೆ ಎಲ್ಲೋ ಬೀಳುತ್ತವೆ. ಈ ಅವಧಿಯಲ್ಲಿ ದಿನ ಬಿಟ್ಟು ದಿನ ಸೇರಿದರೆ ಸಾಕು. ದಿನಾಲೂ ಬೇಕೆಂದಿಲ್ಲ, 'ಶಕ್ತಿ ಕೂಡಿಡಲು' ಹತ್ತು ದಿನ ದೂರವಿರುವುದಂತೂ ಬೇಡವೇ ಬೇಡ. ರೈಲಿನ ರಿಸರ್ವೇಶನ್ ಈಗ 60 ದಿನ ಮುಂಚೆ ತೆರೆಯುತ್ತದೆ, ಅಂದರೆ ಎರಡು ಚಕ್ರ ಮುಂದಿನದನ್ನು ಅಂದಾಜು ಮಾಡಬೇಕು. ಟಿಕೆಟ್ ತೆಗೆಯುವಾಗ ಹಬ್ಬದ ತಾರೀಖಿನ ಜೊತೆಗೆ ಈ ತಾರೀಖನ್ನೂ ನೋಡಿದರೆ ಏನು ನಷ್ಟ?

ದೇಹವೇ ಕೊಡುವ ಸೂಚನೆ ಇನ್ನೂ ನಂಬಿಕಸ್ತ. ಬಿಳಿಸ್ರಾವ ಹಸಿ ಮೊಟ್ಟೆಯ ಲೋಳೆಯಂತೆ ತೆಳ್ಳಗೆ, ಜಾರುವಂತಾಗಿ, ಎರಡು ಬೆರಳ ನಡುವೆ ಎಳೆ ಎಳೆದರೂ ತುಂಡಾಗದಿದ್ದರೆ ಅವೇ ಸರಿಯಾದ ದಿನಗಳು. ಬೆಳಗಿನ ಮೈಬಿಸಿ ಅಳೆಯುವವರು ಒಂದು ಗಮನಿಸಬೇಕು: ಉಷ್ಣತೆ ಏರುವುದು ಅಂಡಾಣು ಬಂದ ಮೇಲೆ, ಆಗ ಆ ತಿಂಗಳ ಅವಕಾಶ ಕಳೆದೇ ಹೋಗಿರುತ್ತದೆ. ಅಂಡಾಣು ಬರುವ ಸೂಚನೆಯನ್ನು ಮೂತ್ರದಲ್ಲಿ ಹಿಡಿಯುವ, ಮೆಡಿಕಲ್ ಅಂಗಡಿಯ ಓವ್ಯುಲೇಶನ್ ಕಿಟ್ ಒಳ್ಳೆಯದೇ, ಆದರೆ ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬರದ ತೊಂದರೆ) ಇರುವವರಲ್ಲಿ ಅದು ಸುಮ್ಮಸುಮ್ಮನೆ 'ಹೌದು' ಎನ್ನುವುದುಂಟು. ಎಣ್ಣೆ, ಜೆಲ್, ಎಂಜಲು ಇವು ವೀರ್ಯಾಣುವಿನ ಓಟಕ್ಕೆ ಅಡ್ಡಿ.

ಇನ್ನು ಗಂಡಸರ ಮಾತು. ಒಂದು ವೀರ್ಯಾಣು ತಯಾರಾಗಿ ಹೊರಬರಲು ಎರಡೂವರೆಯಿಂದ ಮೂರು ತಿಂಗಳು ಹಿಡಿಯುತ್ತದೆ. ಇಂದು ತಂಬಾಕು ಬಿಟ್ಟರೆ ಫಲ ಕಾಣುವುದು ಮೂರು ತಿಂಗಳ ಮೇಲೆ. ಹೋದ ತಿಂಗಳ ಡೆಂಗ್ಯೂ ಜ್ವರದ ಪರಿಣಾಮ ಈ ತಿಂಗಳ ರಿಪೋರ್ಟಿನಲ್ಲಿ ಕಾಣುತ್ತದೆ. ವೃಷಣಕ್ಕೆ ದೇಹಕ್ಕಿಂತ ಎರಡು-ಮೂರು ಡಿಗ್ರಿ ಕಡಿಮೆ ಉಷ್ಣತೆ ಬೇಕು. ಅದಕ್ಕೇ ತಂದೂರ್ ಭಟ್ಟಿಯ ಮುಂದೆ, ದೋಸೆಕಲ್ಲಿನ ಮುಂದೆ ಹತ್ತು ಗಂಟೆ ನಿಲ್ಲುವವರು, ಹಗಲಿಡೀ ಟೆಂಪೋ ಓಡಿಸುವವರು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂರುವವರು ಎಚ್ಚರವಾಗಿರಬೇಕು. ಕೆಲಸ ಬಿಡಿ ಎಂದು ಹೇಳಲಾದೀತೇ? ಸಡಿಲವಾದ ಹತ್ತಿಯ ಒಳಉಡುಪು, ಭಟ್ಟಿಯಿಂದ ಮೇಜಿಗೆ ಆಗಾಗ ಪಾಳಿ ಬದಲು, ಕುದಿಬಿಸಿ ಸ್ನಾನ ಬೇಡ, ಇಷ್ಟು ಸಾಧ್ಯ. ಜಿಮ್‌ನಲ್ಲಿ ಮೈ ಬೆಳೆಸಲು ಕೊಡುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಎಲ್ಲಕ್ಕಿಂತ ಕೆಟ್ಟದ್ದು. ಹೊರಗಿನಿಂದ ಹಾರ್ಮೋನು ಬಂದರೆ ಒಳಗಿನ ಕಾರ್ಖಾನೆಗೆ ಬೀಗ ಬೀಳುತ್ತದೆ. ಗಂಡಸುತನಕ್ಕೆಂದು ಚುಚ್ಚಿಸಿಕೊಂಡವರ ರಿಪೋರ್ಟಿನಲ್ಲಿ ವೀರ್ಯಾಣು ಸೊನ್ನೆಗೆ ಇಳಿಯುವುದಿದೆ.

ಪರೀಕ್ಷೆಯಲ್ಲೂ ಎಡವಟ್ಟುಗಳಾಗುತ್ತವೆ. ಹಿಂದಿನ ವೀರ್ಯಸ್ಖಲನಕ್ಕೂ ಪರೀಕ್ಷೆಗೂ ಎರಡರಿಂದ ಏಳು ದಿನದ ಅಂತರವಿರಬೇಕು. ಕಡಿಮೆಯಾದರೆ ಸಂಖ್ಯೆ ಇಳಿಯುತ್ತದೆ, ಹೆಚ್ಚಾದರೆ ಚಲನೆ ಮಂದವಾಗುತ್ತದೆ. ಮಾದರಿಯನ್ನು ಲ್ಯಾಬಿನಲ್ಲೇ ಕೊಡುವುದು ಉತ್ತಮ. ಮನೆಯಲ್ಲಿ ತೆಗೆದರೆ ಒಂದು ಗಂಟೆಯೊಳಗೆ ತಲುಪಬೇಕು; ಡೊಂಬಿವಲಿಯಿಂದ ದಾದರಿಗೆ ಸ್ಲೋ ಲೋಕಲ್ ಹಿಡಿದರೆ ಆ ಗಂಟೆ ದಾರಿಯಲ್ಲೇ ಕಳೆಯುತ್ತದೆ. ಬಾಟಲಿ ಅಂಗಿಯೊಳಗೆ ಮೈಗೆ ತಾಗಿರಲಿ, ಟಿಫಿನ್ ಚೀಲದಲ್ಲಿ ಬೇಡ. ಸಾದಾ ಕಾಂಡೋಮಿನಲ್ಲಿ ಸಂಗ್ರಹಿಸಬಾರದು. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು, ಅವು ಚೆಲ್ಲಿದರೆ ನಾಚಿಕೆ ಬಿಟ್ಟು ಲ್ಯಾಬಿಗೆ ಹೇಳಿ, ಇನ್ನೊಂದು ದಿನ ಕೊಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕನಿಷ್ಠ ಮಿತಿ: ಪ್ರಮಾಣ 1.4 ಮಿ.ಲೀ., ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಮುಂದಕ್ಕೆ ಚಲಿಸುವಂಥವು ಶೇ. 30, ಸರಿಯಾದ ಆಕಾರದವು ಶೇ. 4. ಈ 'ಶೇ. 4' ನೋಡಿ ಎದೆಯೊಡೆದುಕೊಂಡವರು ಬಹಳ. ಆದರೆ ಮಕ್ಕಳಾದ ಗಂಡಸರಲ್ಲೂ ಅದು ಅಷ್ಟೇ ಇರಬಹುದು. ಒಂದೇ ರಿಪೋರ್ಟಿನ ಮೇಲೆ ತೀರ್ಮಾನ ಬೇಡ.

ಹೆಂಗಸರು ಗರ್ಭಕ್ಕೆ ಪ್ರಯತ್ನಿಸುವ ಒಂದೆರಡು ತಿಂಗಳು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರುಮಾಡಬೇಕು. ಮಧುಮೇಹ ಅಥವಾ ಫಿಟ್ಸ್ ಮಾತ್ರೆ ಇದ್ದವರಿಗೆ ಹೆಚ್ಚು ಬೇಕಾದೀತು, ಅದು ವೈದ್ಯರ ಲೆಕ್ಕ. ಮೈತೂಕ ಹೆಚ್ಚಿದ್ದು ಮುಟ್ಟು ಏರುಪೇರಾದವರು ತೂಕದ ಶೇ. 5ರಿಂದ 10 ಇಳಿಸಿದರೂ ಎಷ್ಟೋ ಸಲ ಚಕ್ರ ತಾನಾಗಿ ಸರಿಯಾಗುತ್ತದೆ. ತೀರಾ ಸಣಕಲಾಗಿದ್ದರೂ ತೊಂದರೆಯೇ. ಥೈರಾಯ್ಡ್ ಪರೀಕ್ಷೆ ಆಗಿರಲಿ. ಕಾಫಿ ದಿನಕ್ಕೆ ಎರಡು ಲೋಟ ಸಾಕು. ಗುಟ್ಕಾ ಮಹಾರಾಷ್ಟ್ರದಲ್ಲಿ 2012ರಿಂದ ನಿಷೇಧ, ಆದರೆ ಮಶೇರಿಯಿಂದ ಹಲ್ಲುಜ್ಜುವ ಹೆಂಗಸರು ತಾವು ತಂಬಾಕು ಸೇವಿಸುತ್ತಿದ್ದೇವೆ ಎಂದುಕೊಳ್ಳುವುದೇ ಇಲ್ಲ. ಅದು ಹುರಿದ ತಂಬಾಕು, ಅಷ್ಟೆ.

ಈಗ ಚೀನೀ ಪದ್ಧತಿ. ಅವರ ಪ್ರಕಾರ ಸಂತಾನಶಕ್ತಿಯ ಸತ್ವ ಮೂತ್ರಪಿಂಡದಲ್ಲಿ ಸಂಗ್ರಹವಾಗಿರುತ್ತದೆ. ನಿದ್ದೆಗೇಡು, ಅತಿ ದುಡಿಮೆ, ತಂಪು ಅದನ್ನು ಕರಗಿಸುತ್ತವೆ. ಚಕ್ರವನ್ನು ನಾಲ್ಕು ಘಟ್ಟ ಮಾಡಿ ಒಂದೊಂದಕ್ಕೆ ಬೇರೆ ಉಪಚಾರ. ಗಣಕಾಲಿನ ಒಳಬದಿಯ ಮೂಳೆಗಂಟಿನಿಂದ ನಾಲ್ಕು ಬೆರಳು ಮೇಲೆ, ಮೊಣಕಾಲಿನ ಕೆಳಗೆ, ಹೊಕ್ಕುಳ ಕೆಳಗೆ ಸೂಜಿ ಹಾಕಿ ಇಪ್ಪತ್ತು-ಮೂವತ್ತು ನಿಮಿಷ ಬಿಡುತ್ತಾರೆ. ಒಳ್ಳೆಯ ಚಿಕಿತ್ಸಕರು ಮುಟ್ಟಿನ ದಿನ, ನಿದ್ದೆ, ಊಟ, ಮನಸ್ಸಿನ ಭಾರ ಎಲ್ಲ ಕೇಳುತ್ತಾರೆ. ಅರ್ಧ ಗಂಟೆ ಸುಮ್ಮನೆ ಮಲಗಿಸುತ್ತಾರೆ. ನಮ್ಮ ಅಂದಾಜಿನಲ್ಲಿ ಜನಕ್ಕೆ ಹಿತವೆನಿಸುವುದರಲ್ಲಿ ಮುಕ್ಕಾಲುಪಾಲು ಇದೇ. ಮಗು ಹುಟ್ಟುವ ಪ್ರಶ್ನೆಗೆ ಉತ್ತರ ಬೇರೆ. ಚೀನಾದಲ್ಲೇ ಪಿಸಿಒಎಸ್ ಇದ್ದ 1000 ಹೆಂಗಸರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಡಾಣು ಬರಿಸುವ ಕ್ಲೊಮಿಫೀನ್ ಮಾತ್ರೆಯ ಜೊತೆ ನಿಜವಾದ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 29.4, ತೋರಿಕೆಯ ಸೂಜಿಯವರಲ್ಲಿ ಶೇ. 28 ಮಂದಿಗೆ ಹೆರಿಗೆಯಾಯಿತು. ಮಾತ್ರೆಯಿಲ್ಲದವರಲ್ಲಿ ಅದು ಶೇ. 13.9 ಮತ್ತು 16.8. ಕೆಲಸ ಮಾಡಿದ್ದು ಮಾತ್ರೆ.

ಆದರೂ ಹೋಗುವುದಾದರೆ ಹೋಗಿ, ನೋಡಿಕೊಂಡು ಹೋಗಿ. ಅಕ್ಯುಪಂಕ್ಚರ್‌ಗೆ ಮಹಾರಾಷ್ಟ್ರದಲ್ಲಿ ಪ್ರತ್ಯೇಕ ಕಾಯ್ದೆ, ಕೌನ್ಸಿಲ್ ಇವೆ. ನೋಂದಣಿ ಸಂಖ್ಯೆ ಕೇಳಿ. ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಲಿ. ಗುಳಿಗೆಯ ವಿಷಯದಲ್ಲಿ ನಾವು ಕಟ್ಟುನಿಟ್ಟು: ಒಳಗೇನಿದೆ ಎಂದು ಬರೆಯದ ಪೊಟ್ಟಣ ಮುಟ್ಟಬೇಡಿ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಚೀನೀ ಮೂಲಿಕೆಯಲ್ಲಿ ಅರಿಸ್ಟೊಲೋಕಿಕ್ ಆಮ್ಲವಿರುವ ಬೇರು ಸೇರಿಕೊಂಡು ಹತ್ತಾರು ಹೆಂಗಸರ ಕಿಡ್ನಿ ಹೋಯಿತು. ಹೆಣ್ಣಿನ ಟಾನಿಕ್ ಎಂದು ಮಾರುವ ಡಾಂಗ್ ಗುಯಿ ಬೇರು, ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಸೇರಬಾರದು. ಮುಟ್ಟು ಒಂದು ದಿನ ತಡವಾದರೂ ಮೂತ್ರ ಪರೀಕ್ಷೆಯಾಗುವವರೆಗೆ ಗುಳಿಗೆ ನಿಲ್ಲಿಸಿ. ಮೇಲೆ ಹೇಳಿದ ಗಣಕಾಲಿನ ಬಿಂದುವನ್ನು ಗರ್ಭಿಣಿಯರಲ್ಲಿ ಚುಚ್ಚಬಾರದೆಂದು ಆ ಪದ್ಧತಿಯೇ ಹೇಳುತ್ತದೆ.

ಮೂವತ್ತೈದು ದಾಟಿದ ಹೆಂಗಸರು ವೈದ್ಯರನ್ನು ಕಾಣಲು ಆರು ತಿಂಗಳಿಗಿಂತ ಹೆಚ್ಚು ಕಾಯಬಾರದು, ನಲವತ್ತಾದವರು ಕಾಯಲೇಬಾರದು. ಹಿಂದೆ ಕ್ಷಯ ಬಂದಿದ್ದ ಹೆಂಗಸರು ವಯಸ್ಸು ಎಷ್ಟೇ ಇರಲಿ ಗರ್ಭನಾಳದ ಪರೀಕ್ಷೆ ಮಾಡಿಸಲಿ. ಕ್ಷಯದಿಂದ ನಾಳ ಮುಚ್ಚಿದ್ದರೆ ಯಾವ ಸೂಜಿಯೂ, ಯಾವ ಕಷಾಯವೂ ಅದನ್ನು ತೆರೆಯದು.

ಕೊನೆಗೆ ಪತ್ರಿಕೆಗಳಿಗೇ ಒಂದು ಮಾತು. ಹೆಣ್ಣಿನ ಬಂಜೆತನ ಗುಣಪಡಿಸುವ ಔಷಧಿ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಪ್ರಕಟಿಸುವವರೂ ಅದರ ವ್ಯಾಪ್ತಿಯೊಳಗೇ ಬರುತ್ತಾರೆ. ವರ್ಗೀಕೃತ ಜಾಹೀರಾತು ತೆಗೆದುಕೊಳ್ಳುವ ಮೇಜಿನ ಮೇಲೆ ಆ ಕಾಯ್ದೆಯ ಒಂದು ಪ್ರತಿ ಇರಲಿ.

— ಸಂತಾನ ಸಮಾಲೋಚನೆಯಲ್ಲಿ ತೊಡಗಿರುವ ಓದುಗರು, ಮುಲುಂಡ್, ಮುಂಬಯಿ