ಅವರ ಚೀಲ ಅವರೇ ಹೊರಲಿ: ಅಕ್ಟೋಬರ್ ಬೆಟ್ಟದ ಪ್ರವಾಸದ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ದಸರಾ ಗೊಂಬೆಗಳನ್ನೆಲ್ಲ ಎತ್ತಿಟ್ಟಿರುತ್ತೀರಿ, ಈಗ ಚೀಲ ಕಟ್ಟುವ ಸಮಯ. ಅಕ್ಟೋಬರ್ 11 ಮತ್ತು 12ರಂದು ನಮ್ಮ ಶನಿವಾರದ ಕನ್ನಡ ಶಾಲೆಯ ದೊಡ್ಡ ಮಕ್ಕಳು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಕ್ಕೆ ಹೋಗುತ್ತಿದ್ದಾರೆ. ಟಾಹೋ ಸರೋವರದ ಪಕ್ಕದ ಸಂರಕ್ಷಿತ ಕಾಡುಪ್ರದೇಶವಾದ ಡೆಸೊಲೇಶನ್ ವಿಲ್ಡರ್‌ನೆಸ್‌ನಲ್ಲಿ ಒಂದು ರಾತ್ರಿ ಟೆಂಟ್ ವಾಸ. ಆ ವಾರ ತರಗತಿ ಇಲ್ಲ, ಇದೇ ತರಗತಿ.

ಕನ್ನಡ ಶಾಲೆಗೂ ಬೆಟ್ಟ ಹತ್ತುವುದಕ್ಕೂ ಏನು ಸಂಬಂಧ ಅಂತ ಇಬ್ಬರು ಮೂವರು ಕೇಳಿದರು. ಹೋದ ವರ್ಷ ಇದೇ ದಾರಿಯಲ್ಲಿ ನಡೆದದ್ದು ಹೇಳುತ್ತೇನೆ. ಪಾಠದಲ್ಲಿ ‘ಇಬ್ಬನಿ’ ಅನ್ನುವ ಪದ ಬಂದಾಗ ನಾನು ಎರಡು ಸಲ ಅರ್ಥ ಹೇಳಿದ್ದೆ, ಮಕ್ಕಳು ಬರೆದುಕೊಂಡಿದ್ದರು, ಅಷ್ಟೇ. ಬೆಟ್ಟದಲ್ಲಿ ಬೆಳಿಗ್ಗೆ ಏಳು ಗಂಟೆಗೆ ಒಬ್ಬ ಹುಡುಗಿ ಟೆಂಟ್‌ನಿಂದ ತಲೆ ಹೊರಗೆ ಹಾಕಿ ಬಟ್ಟೆಯ ಮೇಲೆ ಬೆರಳಾಡಿಸಿದಳು. ಬಿಳಿ ಪುಡಿ ಉಗುರಿಗೆ ಸಿಕ್ಕಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರ್, ಇಬ್ಬನಿ ಹೆಪ್ಪಾಗಿದೆ" ಅಂದಳು. ಹೆಪ್ಪು ಅನ್ನುವ ಮಾತು ಅವಳಿಗೆ ಅಜ್ಜಿಯ ಮೊಸರಿನಿಂದ ಗೊತ್ತು. ಎರಡನ್ನೂ ತಾನೇ ಸೇರಿಸಿದಳು. ಅವತ್ತು ನನಗೆ ಆದ ಸಂತೋಷ ಯಾವ ಪರೀಕ್ಷೆಯ ಅಂಕದಿಂದಲೂ ಆಗಿಲ್ಲ.

ದಾರಿ ಹೀಗಿದೆ. ಶುಕ್ರವಾರ ಸಂಜೆಯೇ ಹೊರಟು ಸೌತ್ ಲೇಕ್ ಟಾಹೋದಲ್ಲಿ ಮಲಗುತ್ತೇವೆ. ಅದು ಸುಮಾರು 6,200 ಅಡಿ ಎತ್ತರದಲ್ಲಿದೆ. ಸಮುದ್ರ ಮಟ್ಟದಿಂದ ನೇರವಾಗಿ ಮೇಲೆ ಹೋದರೆ ಕೆಲವು ಮಕ್ಕಳಿಗೆ ತಲೆನೋವು, ವಾಕರಿಕೆ ಬರುತ್ತದೆ, ಒಂದು ರಾತ್ರಿ ಮಧ್ಯದಲ್ಲಿ ನಿಂತರೆ ಮೈ ಒಗ್ಗುತ್ತದೆ. ಶನಿವಾರ ಎಕೋ ಲೇಕ್ಸ್‌ನಿಂದ ನಡಿಗೆ ಶುರು. ಮೊದಲ ಎರಡೂವರೆ ಮೈಲಿ ಎರಡು ಕೆರೆಗಳ ಪಕ್ಕದಲ್ಲೇ ಹೋಗುತ್ತದೆ, ಆಮೇಲೆ ಕಲ್ಲಿನ ಏರು. ಟ್ಯಾಮರ್ಯಾಕ್ ಲೇಕ್ ಹತ್ತಿರ, ನೀರಿನಿಂದ 100 ಅಡಿಗೂ ಜಾಸ್ತಿ ದೂರದಲ್ಲಿ ಟೆಂಟ್ ಹಾಕುತ್ತೇವೆ. ಭಾನುವಾರ ಬೆಳಿಗ್ಗೆ ಶಕ್ತಿ ಇದ್ದವರು ದೊಡ್ಡ ಚೀಲ ಬಿಟ್ಟು ಲೇಕ್ ಅಲೋಹಾವರೆಗೆ ಹೋಗಿ ಬರುತ್ತಾರೆ, ಸುಸ್ತಾದವರು ಇಬ್ಬರು ಹಿರಿಯರ ಜೊತೆ ಉಳಿಯಬಹುದು. ಅಲೋಹಾ ನೋಡಲೇಬೇಕಾದ ಕೆರೆ. ಹಿಮನದಿ ಉಜ್ಜಿ ನುಣ್ಣಗೆ ಮಾಡಿದ ಬೂದು ಬಂಡೆಗಳ ನಡುವೆ ನೀರು ತೆಳ್ಳಗೆ ಹರಡಿಕೊಂಡಿರುತ್ತದೆ. ಬೇಸಿಗೆ ಮುಗಿದ ಮೇಲೆ ನೀರು ಇಳಿದು ಬಂಡೆಗಳ ಬೆನ್ನು ಮೇಲೆ ಬಂದಿರುತ್ತದೆ. ಹಿಂದೆ 9,983 ಅಡಿಯ ಪಿರಮಿಡ್ ಪೀಕ್.

ಈಗ ನಾನು ನಿಮ್ಮನ್ನು ಕೇಳಿಕೊಳ್ಳುವ ಒಂದೇ ವಿಷಯ: ಮಕ್ಕಳ ಚೀಲವನ್ನು ಮಕ್ಕಳೇ ಕಟ್ಟಲಿ, ಅವರೇ ಹೊರಲಿ. ಹೋದ ಸಲ ಒಬ್ಬ ಹುಡುಗ ತಾನೇ ಅಚ್ಚುಕಟ್ಟಾಗಿ ಕಟ್ಟಿಕೊಂಡಿದ್ದ. ರಾತ್ರಿ ಅವನು ಮಲಗಿದ ಮೇಲೆ ಮನೆಯವರು ಪ್ರೀತಿಯಿಂದ ಒಂದು ಸ್ಟೀಲ್ ಡಬ್ಬಿ ಚಿತ್ರಾನ್ನ, ಎರಡು ಜೀನ್ಸ್, ಒಂದು ಉಣ್ಣೆ ಕಂಬಳಿ ಸೇರಿಸಿದ್ದರು. ಒಂದು ಮೈಲಿಯೊಳಗೆ ಭುಜ ಕೆಂಪಾಯಿತು. ಕೊನೆಗೆ ಹಿರಿಯರೊಬ್ಬರು ಅವನ ಚೀಲ ಹೊತ್ತರು. ಭಾರ ಇಳಿದದ್ದಕ್ಕೆ ಅವನಿಗೆ ಸಮಾಧಾನ ಆಗಲಿಲ್ಲ. ಎಲ್ಲರೂ ತಮ್ಮದು ತಾವೇ ಹೊತ್ತಿದ್ದಾರೆ, ನಾನು ಮಾತ್ರ ಕೈ ಬೀಸಿಕೊಂಡು ನಡೆಯುತ್ತಿದ್ದೇನೆ ಅಂತ ಸಂಜೆವರೆಗೂ ಮುಖ ಎತ್ತಲಿಲ್ಲ. ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ, ನಾನೂ ತಾಯಿ. ಆದರೆ ಚೀಲದ ತೂಕ ಮಗುವಿನ ತೂಕದ ಐದನೇ ಒಂದು ಭಾಗ ದಾಟಬಾರದು. 90 ಪೌಂಡ್ ಇರುವ ಮಗುವಿಗೆ 18 ಪೌಂಡ್, ನೀರೂ ಸೇರಿ.

ಜೀನ್ಸ್ ಮತ್ತು ಹತ್ತಿ ಬಟ್ಟೆ ಬೇಡ. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅಕ್ಟೋಬರ್‌ನಲ್ಲಿ ಅಲ್ಲಿ ಮಧ್ಯಾಹ್ನ ಹಿತವಾದ ಬಿಸಿಲು ಇದ್ದರೂ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಆಗಬಹುದು. ಉಣ್ಣೆ ಅಥವಾ ಸಿಂಥೆಟಿಕ್ ಒಳ ಉಡುಪು, ದಪ್ಪ ಜಾಕೆಟ್, ಮಳೆ ಕೋಟು, ಟೋಪಿ, ಮಲಗಲಿಕ್ಕೇ ಅಂತ ಒಂದು ಜೊತೆ ಒಣ ಕಾಲುಚೀಲ. ಹೊಸ ಶೂ ಕೊಡಿಸಿದ್ದರೆ ಈಗಿಂದಲೇ ಹಾಕಿ ನಡೆಸಿ.

ಊಟದ ಯೋಚನೆ ಬೇಡ. ಗೊಜ್ಜವಲಕ್ಕಿ, ಉಪ್ಪಿಟ್ಟಿನ ಮಿಕ್ಸ್, ಚಟ್ನಿಪುಡಿ ಶಾಲೆಯೇ ತರುತ್ತದೆ. ಆ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಅನ್ನ ಬೇಯಲು ತುಂಬಾ ಹೊತ್ತು ಬೇಕು. ಅವಲಕ್ಕಿಗೆ ಬಿಸಿನೀರು ಸಾಕು, ಅಲ್ವಾ? ಬೆಂಕಿ ಹಾಕುವುದು ಅಲ್ಲಿ ವರ್ಷಪೂರ್ತಿ ನಿಷೇಧ, ಸಣ್ಣ ಗ್ಯಾಸ್ ಸ್ಟೋವ್ ಮಾತ್ರ. ಕುಡಿಯುವ ನೀರನ್ನು ಕೆರೆಯಿಂದ ತಂದು ಫಿಲ್ಟರ್ ಮಾಡುತ್ತೇವೆ.

ಕರಡಿಗಳಿವೆ. ಹೆದರಬೇಡಿ, ಅವು ಬರುವುದು ಊಟದ ವಾಸನೆಗೆ. ವಾಸನೆ ಇರುವುದೆಲ್ಲ ರಾತ್ರಿ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯೊಳಗೆ, ಟೆಂಟ್‌ನಿಂದ ದೂರ. ಇದು ಅಲ್ಲಿಯ ನಿಯಮ. ವಾಸನೆ ಅಂದರೆ ತಿಂಡಿ ಮಾತ್ರ ಅಲ್ಲ, ಟೂತ್‌ಪೇಸ್ಟ್, ವಿಕ್ಸ್, ಕೊಬ್ಬರಿ ಎಣ್ಣೆ, ಪ್ಯಾಡ್‌ಗಳು ಕೂಡ. ಹಾಗಾಗಿ ಜೇಬಿನಲ್ಲಿ ಗುಟ್ಟಾಗಿ ಚಕ್ಕುಲಿ ಇಟ್ಟು ಕಳಿಸಬೇಡಿ. ಹೆಣ್ಣುಮಕ್ಕಳಿಗೆ ಆ ದಿನಗಳಲ್ಲಿ ಮುಟ್ಟು ಬರುವ ಹಾಗಿದ್ದರೂ ಖಂಡಿತ ಕಳಿಸಿ, ಬೇಕಾದದ್ದೆಲ್ಲ ನಮ್ಮ ಬಳಿ ಇರುತ್ತದೆ. ಶೌಚಾಲಯ ಇಲ್ಲ, ಆರರಿಂದ ಎಂಟು ಇಂಚು ಗುಂಡಿ ತೋಡಬೇಕು, ಬಳಸಿದ ಕಾಗದ ವಾಪಸ್ ತರಬೇಕು. ಇದನ್ನು ಮನೆಯಲ್ಲಿ ಮೊದಲೇ ಮಾತಾಡಿ. ನಾಚಿಕೆಯಿಂದ ನೀರು ಕುಡಿಯದೆ ಇರುವ ಮಕ್ಕಳಿಗೇ ತಲೆನೋವು ಜಾಸ್ತಿ.

ಒಂದು ಗುಂಪಿಗೆ 12 ಜನರ ಮಿತಿ ಇದೆ. ಎಂಟು ಮಕ್ಕಳು, ನಾಲ್ಕು ಹಿರಿಯರು. "ನಾವೂ ಬರುತ್ತೇವೆ" ಅಂದವರಿಗೆ ಇಲ್ಲ ಅನ್ನಬೇಕಾಯಿತು, ಬೇಸರ ಮಾಡಿಕೊಳ್ಳಬೇಡಿ. ಮೇಲೆ ಫೋನ್ ಸಿಗುತ್ತದೆ ಅಂತ ನಂಬಿಕೊಳ್ಳುವ ಹಾಗಿಲ್ಲ. ನಮ್ಮ ಬಳಿ ಸ್ಯಾಟಲೈಟ್ ಮೆಸೇಂಜರ್ ಇದೆ. ಶನಿವಾರ ರಾತ್ರಿ ಒಂದು, ಭಾನುವಾರ ಕೆಳಗಿಳಿದಾಗ ಒಂದು ಸಂದೇಶ ಬರುತ್ತದೆ. ಮಧ್ಯದಲ್ಲಿ ಸುದ್ದಿ ಇಲ್ಲದಿದ್ದರೆ ಎಲ್ಲ ಚೆನ್ನಾಗಿದೆ ಎಂದೇ ತಿಳಿಯಿರಿ. ಹಿಮದ ಮುನ್ಸೂಚನೆ ಇದ್ದರೆ ಗುರುವಾರ ಸಂಜೆಯೇ ಪ್ರವಾಸ ರದ್ದು ಮಾಡುತ್ತೇನೆ, ಆ ತೀರ್ಮಾನದಲ್ಲಿ ಚೌಕಾಸಿ ಇಲ್ಲ.

ಅಕ್ಟೋಬರ್ 4ರಂದು ತರಗತಿ ಮುಗಿದ ಮೇಲೆ ತೂಕದ ಯಂತ್ರ ಇಟ್ಟುಕೊಂಡು ಕೂತಿರುತ್ತೇನೆ. ಕಟ್ಟಿದ ಚೀಲ, ಅಲರ್ಜಿ ಮತ್ತು ಔಷಧಿ ವಿವರದ ಸಹಿ ಮಾಡಿದ ಹಾಳೆ, ಇನ್ಹೇಲರ್ ಇದ್ದರೆ ಎರಡು, ಇವನ್ನು ಮಕ್ಕಳ ಕೈಯಲ್ಲೇ ಕಳಿಸಿ. ಕಾರಿನಿಂದ ತರಗತಿಯವರೆಗೂ ಚೀಲ ಅವರ ಬೆನ್ನ ಮೇಲೇ ಇರಲಿ.

ಇಂತಿ ನಿಮ್ಮ ವಿಶ್ವಾಸದ,
ಮುಖ್ಯ ಶಿಕ್ಷಕಿ