ಅತ್ತೆಯನ್ನು ತೋರಿಸಬೇಡ

ತಮ್ಮಾ,

ನಿನ್ನ ಚಿತ್ರಕಥೆ ಓದಿದೆ. ರೇಡಿಯೋದಲ್ಲಿ ಜನ ಬಿದ್ದು ಬಿದ್ದು ನಕ್ಕ ನಾಟಕ ತೆರೆಗೆ ತರುವಾಗ ಸತ್ತೇ ಹೋಯಿತು, ಇನ್ನು ಪೆನ್ನು ಮುಟ್ಟೋದಿಲ್ಲ ಅಂತ ಬರೆದಿದ್ದೀಯ. ಮುಟ್ಟದಿದ್ದರೆ ಬಿಡು, ಯಾರೂ ಅಳುವುದಿಲ್ಲ. ಆದರೆ ನಿನ್ನ ಸೋದರತ್ತೆ ಪಾತ್ರದ ಮಾತು ಓದುತ್ತಾ ನನಗೆ ಕಾಫಿ ನೆತ್ತಿಗೇರಿತು ಮಾರಾಯ, ಅದಕ್ಕೇ ಈ ಪತ್ರ. ದೃಶ್ಯ ಎಷ್ಟುದ್ದ, ಪುಟ ಎಷ್ಟು ಅನ್ನೋದನ್ನೆಲ್ಲ ಬೇರೆಯವರನ್ನು ಕೇಳು.

ಅಮೆರಿಕದ ‘ಫಿಬ್ಬರ್ ಮೆಗೀ ಅಂಡ್ ಮೊಲ್ಲಿ’ ರೇಡಿಯೋ ಕಾರ್ಯಕ್ರಮದ ಹಳೆಯ ರೆಕಾರ್ಡಿಂಗು ಹುಡುಕಿ ಕೇಳು. ಬರೆಯುತ್ತಿದ್ದವನು ಡಾನ್ ಕ್ವಿನ್. ಮೆಗೀ ಮನೆಯಲ್ಲೊಂದು ಕಪಾಟು. ಹೆಂಡತಿ ಮೊಲ್ಲಿ ಬೇಡ ಬೇಡ ಅನ್ನುವಷ್ಟರಲ್ಲಿ ಅವನು ಬಾಗಿಲು ತೆಗೆದಿರುತ್ತಾನೆ. ದಡದಡ, ಠಣಠಣ, ಡಬ್ಬ ಉರುಳಿದ ಸದ್ದು. ಮುಗಿಯಿತು ಅಂದುಕೊಂಡ ಮೇಲೆ ಒಂದೇ ಒಂದು ಪುಟ್ಟ ಗಂಟೆ, ಟಿಂಗ್! 1940ರಲ್ಲಿ ಶುರುವಾದ ಈ ತಮಾಷೆ ವರ್ಷಗಟ್ಟಲೆ ಹಳಸಲಿಲ್ಲ. ಕೇಳುವವರು ತಂತಮ್ಮ ಮನೆಯ ಅಟ್ಟದ ಸಾಮಾನನ್ನೇ ಆ ಕಪಾಟಿಗೆ ತುಂಬಿಕೊಂಡಿದ್ದರು.

1941ರಲ್ಲಿ ಆರ್‌ಕೆಓ ಸ್ಟುಡಿಯೋ ಈ ದಂಪತಿಯನ್ನು ‘ಲುಕ್ ಹೂಸ್ ಲಾಫಿಂಗ್’ ಚಿತ್ರಕ್ಕೆ ತಂದಿತು, ಜೊತೆಗೆ ಎಡ್ಗರ್ ಬರ್ಗನ್ ಮತ್ತು ಅವನ ಮಾತಾಡುವ ಗೊಂಬೆ ಚಾರ್ಲಿ. ರೇಡಿಯೋದಲ್ಲಿ ಗೊಂಬೆ ಮಾತಾಡಿಸಿ ಹೆಸರು ಮಾಡಿದವನು ಅವನು! ತುಟಿ ಅಲ್ಲಾಡಿದರೆ ಕಾಣುವುದು ಯಾರಿಗೆ? ಗೊಂಬೆಯೇ ಅದಕ್ಕೆ ಅವನನ್ನು ಛೇಡಿಸುತ್ತಿತ್ತು. ದನಿಯಲ್ಲಿ ತುಂಟ ಹುಡುಗನಾಗಿದ್ದ ಚಾರ್ಲಿ ತೆರೆಯ ಮೇಲೆ ನನಗೆ ಬರೀ ಮರವಾಗಿ ಕಂಡ. 1930ರ ‘ಚೆಕ್ ಅಂಡ್ ಡಬಲ್ ಚೆಕ್’ ಚಿತ್ರ ಇನ್ನೂ ಕೆಟ್ಟದ್ದು. ರೇಡಿಯೋದಲ್ಲಿ ಕಪ್ಪುಜನರ ದನಿ ಅನುಕರಿಸುತ್ತಿದ್ದ ಇಬ್ಬರು ಬಿಳಿಯರು ಅದರಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು ಬಂದರು. ದನಿಯ ಮರೆಯಲ್ಲಿದ್ದ ಅವಮಾನ ಕಣ್ಣಿಗೇ ರಾಚಿತು.

ಈಗ ನಿನ್ನ ಅತ್ತೆ. ರೇಡಿಯೋದಲ್ಲಿ ಬಚ್ಚಲಿನಿಂದ ಕೂಗುತ್ತಾ ಇಡೀ ಮನೆಯನ್ನು ಆಳಿದವಳು. ಒಂಬತ್ತನೇ ದೃಶ್ಯದಲ್ಲಿ ಅವಳಿಗೆ ಜರಿಸೀರೆ ಉಡಿಸಿ ಹಾಲ್‌ನಲ್ಲಿ ಕೂರಿಸಿದ್ದೀಯಲ್ಲ, ಯಾರಪ್ಪನ ಮನೆ ಗಂಟು ಹೋಗುತ್ತಿತ್ತು ತೋರಿಸದಿದ್ದರೆ? ನಿರ್ಮಾಪಕರು ಕೇಳಿದರಂತೆ. ನನ್ನ ನಾಟಕದಲ್ಲೂ ಕೆಮ್ಮಿನಿಂದಲೇ ಬಾಡಿಗೆದಾರರನ್ನು ನಡುಗಿಸುವ ಮನೆ ಮಾಲೀಕನಿದ್ದ. ಧಾರಾವಾಹಿ ಮಾಡಿದ ಮಹಾನುಭಾವರು ಅವನಿಗೆ ಮೀಸೆ, ಬೆತ್ತ ಕೊಟ್ಟು ಗೇಟಿನಲ್ಲಿ ನಿಲ್ಲಿಸಿದರು. ಇವತ್ತಿಗೂ ಅವರು ಎದುರಾದರೆ ನಾನು ರಸ್ತೆ ದಾಟುತ್ತೇನೆ.

ಕ್ಯಾಮೆರಾ ಅಂದರೆ ನನಗೇನೂ ಹಗೆಯಿಲ್ಲ. ಅತ್ತೆ ಬಚ್ಚಲಲ್ಲೇ ಇರಲಿ. ಅವಳು ಕೂಗಿದಾಗ ಮಾವ ಬಾಯಿಗೆ ಹಾಕಿಕೊಂಡ ಕೋಡುಬಳೆಯನ್ನು ಸದ್ದಾಗದ ಹಾಗೆ ಹೇಗೆ ಕಡಿಯುತ್ತಾನೆ, ಅದನ್ನು ತೋರಿಸು. ಅದು ರೇಡಿಯೋಗೆ ಆಗದ ಕೆಲಸ.

ತಿದ್ದಿ ಕಳಿಸು. ನಿರ್ಮಾಪಕರ ಹೊಗಳಿಕೆಯ ಪತ್ರಗಳನ್ನು ಜೊತೆಗೆ ಇಡಬೇಡ, ಅಂಚೆ ವೆಚ್ಚ ದಂಡ.