ಚಿಂಪಾಂಜಿಯ ಆ ನಗು ನಗುವಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ಮೊಮ್ಮಗನ ಜೊತೆ 1986ರ 'ಲಿಂಕ್' ಎಂಬ ಇಂಗ್ಲಿಷ್ ಸಿನಿಮಾ ನೋಡಿದೆ. ಸರ್ಕಸ್‌ನಲ್ಲಿ ಪಳಗಿದ ಮುದಿ ಚಿಂಪಾಂಜಿಯೊಂದು ಪ್ರೊಫೆಸರ್ ಮನೆಯಲ್ಲಿರುತ್ತದೆ. ಕೋಟು ಹಾಕುತ್ತದೆ, ಚುಟ್ಟಾ ಹಚ್ಚುತ್ತದೆ. ಕೊನೆಗೆ ಸಾಕಿದವರ ಮೇಲೆಯೇ ತಿರುಗಿಬೀಳುತ್ತದೆ. ತೆರೆಯ ಮೇಲೆ ಆ ಪಾತ್ರ ಮಾಡಿದ್ದು ಮಾತ್ರ ಒಂದು ಒರಾಂಗುಟನ್! ಅದರ ಕೆಂಪು ಕೂದಲಿಗೆ ಕಪ್ಪು ಬಣ್ಣ ಬಳಿದು, ಕೃತಕ ಕಿವಿ ಅಂಟಿಸಿದ್ದರು.

ಹುಡುಗ ಹೆದರಿ ನನ್ನ ಸೆರಗು ಹಿಡಿದ. "ಅಜ್ಜಿ, ಅವು ನಿಜವಾಗಿಯೂ ಹೀಗೆ ಮಾಡ್ತಾವಾ?" ಅಂದ.

ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಮಾಡುತ್ತವೆ ಎಂದೇ ಹೇಳಿದೆ. 2009ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮನೆಯಲ್ಲಿ ಸಾಕಿದ ಟ್ರಾವಿಸ್ ಎಂಬ ಚಿಂಪಾಂಜಿ, ಒಡತಿಯ ಗೆಳತಿಯ ಮುಖ, ಕೈಗಳನ್ನೇ ಹರಿದುಹಾಕಿತು. ಪೊಲೀಸರು ಅದನ್ನು ಗುಂಡಿಟ್ಟು ಕೊಂದರು.

ಆದರೆ ಅವನಿಗೆ ನಿಮ್ ಎಂಬ ಇನ್ನೊಂದು ಚಿಂಪಾಂಜಿಯ ಕತೆಯನ್ನೂ ಹೇಳಿದೆ. ನಿಮ್ ಚಿಂಪ್‌ಸ್ಕಿ 1973ರಲ್ಲಿ ಹುಟ್ಟಿದ ಮರಿ. ತಾಯಿಯಿಂದ ಬಿಡಿಸಿ ತಂದು, ನ್ಯೂಯಾರ್ಕ್‌ನಲ್ಲಿ ಮನುಷ್ಯರ ಮಗುವಿನಂತೆ ಬೆಳೆಸಿ, ಕೈಸನ್ನೆಯ ಭಾಷೆ ಕಲಿಸಿದರು. ಪ್ರಯೋಗ ಮುಗಿದ ಮೇಲೆ ಬೇಡವಾಯಿತು. ಕೆಲವು ವರ್ಷಗಳ ನಂತರ ಔಷಧಿ ಪರೀಕ್ಷೆಯ ಲ್ಯಾಬ್‌ಗೆ ಮಾರಿದರು. ಜನ ದನಿ ಎತ್ತಿದ್ದರಿಂದ ಅದು ಹೊರಬಂತು. ಇಲ್ಲಿ ತಿರುಗಿಬಿದ್ದವರು ಯಾರು?

ಜಾಹೀರಾತು, ಸಿನಿಮಾಗಳಲ್ಲಿ ಚಿಂಪಾಂಜಿ ಹಲ್ಲು ಕಿರಿದು 'ನಗು'ತ್ತದೆ, ಅಲ್ವಾ? ಹೆಚ್ಚಾಗಿ ಅದು ಹೆದರಿಕೆಯ ಮುಖ. ನಿಮ್ಮ ಸಿನಿಮಾ ಪುಟದಲ್ಲಿ ಇಂಥ ಚಿತ್ರಗಳ ವಿಮರ್ಶೆ ಬಂದಾಗ, ಈ ಒಂದು ಸಾಲನ್ನಾದರೂ ದಯವಿಟ್ಟು ಸೇರಿಸಿ.

— ನಿವೃತ್ತ ಶಿಕ್ಷಕಿ, ಮೈಸೂರು